ಸಾರಥ್ಯಾನಂದ ದರ್ಪಣ: ಕೂತಲ್ಲೇ ಲಾರಿ ಹೊಡೆಯುವವರ ಲಕ್ಷಣ ಮತ್ತು ಪ್ರಭೇದಗಳು

ಪೀಠಿಕೆ

ಕನ್ನಡದಲ್ಲಿ ಲಕ್ಷಣಗ್ರಂಥಗಳಿಗೆ ಬರ ಬಂದದ್ದಿಲ್ಲ. ದನಕರುಗಳ ಕಾಯಿಲೆಗೆ ಕೀರ್ತಿವರ್ಮ 12ನೆಯ ಶತಮಾನದಲ್ಲೇ ‘ಗೋವೈದ್ಯ’ ಬರೆದಿಟ್ಟಿದ್ದಾನೆ. ಅಡುಗೆಮನೆಗೆ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಿದೆ. ಕುದುರೆ ಸಾಕುವವರಿಗೆ ಅಭಿನವಚಂದ್ರ ಇದ್ದಾನೆ. ಉಳಿದ ಲೋಕವ್ಯವಹಾರಕ್ಕೆಲ್ಲ ಚಾವುಂಡರಾಯನ ‘ಲೋಕೋಪಕಾರ’ ಸಾಕು. ಇಷ್ಟೆಲ್ಲ ಇದ್ದೂ, ಮೇಜಿನ ಅಂಚಿಗೆ ಸ್ಟೇರಿಂಗ್ ಬಿಗಿದುಕೊಂಡು ಕೂತಲ್ಲೇ ಲಾರಿ ಹೊಡೆಯುವ ಅಂಗವಿಕಲರಿಗೆ ಎಂತೆಂಥ ಸಂತೋಷ ಸಿಗುತ್ತದೆ ಎಂದು ವಿಂಗಡಿಸಿ ಹೇಳುವ ಒಂದು ಕಿರುಹೊತ್ತಿಗೆಯೂ ನಮ್ಮಲ್ಲಿಲ್ಲ. ಈ ಕೊರತೆ ಪಂಡಿತರ ನಿದ್ದೆ ಕೆಡಿಸಿದ ಲಕ್ಷಣ ಕಾಣದ್ದರಿಂದ ನಾನೇ ಕೈಹಾಕಬೇಕಾಯಿತು.

ಶಾಸ್ತ್ರ ಎಂದಮೇಲೆ ಅನುಬಂಧ ಚತುಷ್ಟಯ ಹೇಳದೆ ಮುಂದೆ ಹೋಗುವಂತಿಲ್ಲ. ವಿಷಯ: ಡ್ರೈವಿಂಗ್ ಸಿಮ್ಯುಲೇಟರಿನಿಂದ ಹುಟ್ಟುವ ಆನಂದ. ಅಧಿಕಾರಿ: ಕಾಲೋ ಕೈಯೋ ಬೆನ್ನುಹುರಿಯೋ ಸ್ನಾಯುವೋ ಹೇಳಿದ ಮಾತು ಕೇಳದಿರುವವನು, ಅಥವಾ ಅಂಥವಳು. ಸಂಬಂಧ: ಯುಎಸ್‌ಬಿ ತಂತಿ. ಪ್ರಯೋಜನ: ಯಾವುದೂ ಇಲ್ಲ. ಅಂಗವಿಕಲ ಮನುಷ್ಯ ಮಣ್ಣಿನ ಬೊಂಬೆ ಮಾಡಿದರೂ ಅದರಿಂದ ಅವನ ಬೆರಳಿಗೆ ವ್ಯಾಯಾಮವಾಯಿತೇ ಎಂದು ಕೇಳುವ ಕಾಲ ಇದು. ಆದ್ದರಿಂದ ಪ್ರಯೋಜನವಿಲ್ಲದಿರುವುದೇ ಈ ಶಾಸ್ತ್ರದ ಹೆಚ್ಚುಗಾರಿಕೆ ಎಂದು ತಿಳಿಯತಕ್ಕದ್ದು.

ಇನ್ನು ಮಂಗಳಾಚರಣೆ. ಗಣಪತಿಗೆ ವಾಡಿಕೆಯ ನಮಸ್ಕಾರ ಸಲ್ಲಿಸಿ ನೇರವಾಗಿ ಅರುಣನ ಬಳಿಗೆ ಬರೋಣ. ತಾಯಿ ವಿನತೆ ತಾಳ್ಮೆಗೆಟ್ಟು ಮೊಟ್ಟೆಯನ್ನು ಅವಧಿಗೆ ಮೊದಲೇ ಒಡೆದದ್ದರಿಂದ ಕೆಳಗಿನ ಅರ್ಧ ಬೆಳೆಯದೆ ಹುಟ್ಟಿದವನು ಅವನು. ತಮ್ಮ ಗರುಡನಿಗೆ ರೆಕ್ಕೆ ಬಂತು, ಇವನಿಗೆ ತೊಡೆಯೂ ಇಲ್ಲ. ಆದರೆ ಸೂರ್ಯನ ರಥಕ್ಕೆ ಸಾರಥಿಯಾದವನು ಇವನೇ. ಏಳು ಕುದುರೆ, ಒಂದು ಗಾಲಿ, ವಾರದ ರಜೆಯಿಲ್ಲದ ಡ್ಯೂಟಿ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಸೂರ್ಯ ಮೆಡಿಕಲ್ ಬೋರ್ಡಿನ ಚೀಟಿ ಕೇಳಿದನೆಂದು ಯಾವ ಪುರಾಣದಲ್ಲೂ ಇಲ್ಲ. ಲಗಾಮು ಇರುವುದು ಕೈಯಲ್ಲಾದ್ದರಿಂದ, ಹ್ಯಾಂಡ್ ಕಂಟ್ರೋಲ್ ಗಾಡಿಯ ಮೊದಲ ಚಾಲಕ ಅರುಣನೇ ಎಂಬುದು ಈ ಶಾಸ್ತ್ರಕಾರನ ಮತ.

ವಿಂಗಡಣೆಗೆ ಆಧಾರ ಯಾವುದು?

ದೇಹದ ಆಧಾರದ ಮೇಲೆ ವಿಂಗಡಿಸುವ ಕೆಲಸವನ್ನು ಸರ್ಕಾರ ಆಗಲೇ ಮಾಡಿ ಮುಗಿಸಿದೆ. 1995ರ ಕಾಯ್ದೆಯಲ್ಲಿ ನಾವು 7 ಬಗೆಯವರಿದ್ದೆವು, 2016ರ ಕಾಯ್ದೆಯಲ್ಲಿ 21 ಬಗೆಯವರಾದೆವು. ಇದರ ಮೇಲೆ ಪ್ರತಿಯೊಬ್ಬರಿಗೂ ಒಂದು ಶೇಕಡಾವಾರು. ನಮ್ಮ ಕಾಲದ ಎಸ್ಸೆಸ್ಸೆಲ್ಸಿಗೆ 35 ಬಂದರೆ ಪಾಸು. ಇಲ್ಲಿ 40 ಬಾರದಿದ್ದರೆ ಮುಖ್ಯ ಸವಲತ್ತುಗಳ ಹತ್ತಿರ ಸುಳಿಯುವಂತಿಲ್ಲ. ಗಾಡಿಗಳೂ ಈ ವಿಂಗಡಣೆಯಿಂದ ತಪ್ಪಿಸಿಕೊಂಡಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಮೂಲ ವ್ಯಾಖ್ಯೆಯಂತೆ ಅಂಗವಿಕಲರ ಗಾಡಿ ಎನ್ನಿಸಿಕೊಳ್ಳಲು ಅದು ಹುಟ್ಟುವಾಗಲೇ ಅಂಗವಿಕಲರಿಗಾಗಿ ಹುಟ್ಟಿರಬೇಕು; ಎಲ್ಲರಂತೆ ಹುಟ್ಟಿದ ಗಾಡಿಗೆ ಆಮೇಲೆ ಸಲಕರಣೆ ಜೋಡಿಸಿದರೆ ಲೆಕ್ಕಕ್ಕಿಲ್ಲ. 2019ರ ತಿದ್ದುಪಡಿ ಬಂದಮೇಲೆ, ನಡುವೆ ಮಾರ್ಪಾಡಾದ ಗಾಡಿಗೂ ಕಾಯ್ದೆಯ ವ್ಯಾಖ್ಯೆಯೊಳಗೆ ಜಾಗ ಸಿಕ್ಕಿತು.

ಸಿಮ್ಯುಲೇಟರ್ ಈ ವಿಷಯದಲ್ಲಿ ಪೂರ್ಣ ಅಜ್ಞಾನಿ. ಯಾವ ಬಟನ್ ಒತ್ತಲಾಯಿತು, ಯಾವ ಆಕ್ಸಿಸ್ ಎಷ್ಟು ತಿರುಗಿತು ಎನ್ನುವುದಷ್ಟೇ ಅದಕ್ಕೆ ಗೊತ್ತು. ಒತ್ತಿದ್ದು ಪಾದವೋ ಮೊಣಕೈಯೋ ಗದ್ದವೋ ಎಂದು ತಿಳಿಯುವ ಉಪಾಯ ಅದಕ್ಕಿಲ್ಲ, ತಿಳಿಯುವ ಹಂಬಲವೂ ಇಲ್ಲ. ಆದಕಾರಣ ದೇಹಭೇದವನ್ನು ಸರ್ಕಾರಕ್ಕೆ ಬಿಟ್ಟು, ಕರಣಭೇದ ಮತ್ತು ಆನಂದಭೇದಗಳನ್ನು ಮಾತ್ರ ಇಲ್ಲಿ ಹೇಳಲಾಗುವುದು.

ಪೂರ್ವಪಕ್ಷ, ಖಂಡನೆ

ಮೊದಲ ಪೂರ್ವಪಕ್ಷಿ ಮಾಯಾವಾದಿ. “ಇದೇನು ನಿಜವಾದ ಗಾಡಿಯೇ?” ಎಂಬುದು ಅವನ ಆಕ್ಷೇಪ. ಅವನಿಗೆ ಎಡ್ವಿನ್ ಲಿಂಕ್‌ನ ಕತೆ ಹೇಳಬೇಕು. ಅಮೆರಿಕದ ಬಿಂಗ್‌ಹ್ಯಾಮ್ಟನ್ನಿನಲ್ಲಿ ಅವನ ಅಪ್ಪನದು ಆರ್ಗನ್ ಮತ್ತು ತಾನೇ ನುಡಿಯುವ ಪಿಯಾನೊ ತಯಾರಿಸುವ ಕಾರ್ಖಾನೆ. ಆ ವಾದ್ಯಗಳ ತಿದಿಗಳನ್ನೇ ಬಳಸಿ ಲಿಂಕ್ 1929ರ ಹೊತ್ತಿಗೆ ಒಂದು ಗಿಡ್ಡ ವಿಮಾನ ಮಾಡಿದ. ಅದು ವಾಲುತ್ತಿತ್ತು, ತಿರುಗುತ್ತಿತ್ತು, ನೆಲ ಬಿಟ್ಟು ಮಾತ್ರ ಏಳುತ್ತಿರಲಿಲ್ಲ. ಮೊದಮೊದಲು ಅದನ್ನು ಕೊಂಡವರು ಮನರಂಜನಾ ಉದ್ಯಾನದವರು. 1934ರಲ್ಲಿ ಟಪಾಲು ಹೊತ್ತ ಸೇನಾ ವಿಮಾನಗಳು ಕೆಟ್ಟ ಹವೆಗೆ ಸಿಕ್ಕಿ ಒಂದರ ಮೇಲೊಂದು ಬೀಳತೊಡಗಿದಾಗ ಸೇನೆಗೆ ಅದರ ಬೆಲೆ ತಿಳಿಯಿತು. ಎರಡನೆಯ ಮಹಾಯುದ್ಧದ ಪೈಲಟ್‌ಗಳು ತಂಡೋಪತಂಡವಾಗಿ ಆ ಡಬ್ಬಿಯಲ್ಲಿ ಕೂತು ಕಲಿತರು. ಕಟ್ಟುಮಸ್ತಾದ ಸಿಪಾಯಿ ಡಬ್ಬಿಯಲ್ಲಿ ಕೂತು ಚುಕ್ಕಾಣಿ ತಿರುಗಿಸಿದರೆ ತರಬೇತಿ, ನಾವು ತಿರುಗಿಸಿದರೆ ಕಾಲಹರಣ ಎನ್ನುವ ನ್ಯಾಯ ಯಾವ ತರ್ಕಗ್ರಂಥದಲ್ಲಿದೆಯೋ ಪೂರ್ವಪಕ್ಷಿಯೇ ತೋರಿಸಬೇಕು.

ಎರಡನೆಯವನು ಪಾದವಾದಿ. ಕಾಲಿಲ್ಲದೆ ಡ್ರೈವಿಂಗ್ ಎಲ್ಲಿಯದು ಎನ್ನುತ್ತಾನೆ. ಪ್ರತ್ಯಕ್ಷ ಪ್ರಮಾಣ ಬೇಕಷ್ಟಿದೆ. ಫಾರ್ಮುಲಾ ಒನ್ ಚಾಲಕ ಕ್ಲೇ ರೆಗಜೋನಿ 1980ರ ಲಾಂಗ್ ಬೀಚ್ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ. ಕೈಯಿಂದಲೇ ಓಡಿಸುವ ಗಾಡಿಯಲ್ಲಿ ಪ್ಯಾರಿಸ್–ಡಾಕರ್ ರ್‍ಯಾಲಿಯ ಮರಳಿಗೂ ಇಳಿದ. ರೇಸ್ ಚಾಲಕ ಅಲೆಕ್ಸ್ ಜನಾರ್ಡಿಗೆ 2001ರಲ್ಲಿ ಜರ್ಮನಿಯ ಲೌಸಿಟ್ಸ್‌ರಿಂಗ್ ಟ್ರ್ಯಾಕಿನಲ್ಲಿ ಎರಡೂ ಕಾಲು ಹೋದವು. 2003ರಲ್ಲಿ ಅದೇ ಟ್ರ್ಯಾಕಿಗೆ ಹೋಗಿ, ಅಂದು ಬಾಕಿ ಉಳಿದಿದ್ದ 13 ಸುತ್ತುಗಳನ್ನು ಕೈಯಲ್ಲೇ ಓಡಿಸಿ ಮುಗಿಸಿ ಬಂದ. ಲೆಕ್ಕ ಚುಕ್ತಾ ಮಾಡುವ ಈ ಹಟ ಶಾಸ್ತ್ರಕಾರನಿಗೆ ಬಹಳ ಮೆಚ್ಚುಗೆ. ಕೈಯೂ ಕಾಲೂ ಎರಡೂ ಇಲ್ಲದ ಫ್ರೆಡೆರಿಕ್ ಸೋಸೆ 2016ರ ಲ ಮಾನ್ 24 ಗಂಟೆ ರೇಸನ್ನು ತನ್ನ ತಂಡದೊಂದಿಗೆ ಮುಗಿಸಿದ್ದಾನೆ. ಪಾದವಾದಿಯ ಬಾಯಿ ಇಲ್ಲಿಗೆ ಮುಚ್ಚಿತು.

ಮೂರನೆಯವನು ಪರಿಹಾರವಾದಿ, ಇವನು ಒಳ್ಳೆಯವನಾದ್ದರಿಂದ ಹೆಚ್ಚು ಅಪಾಯಕಾರಿ. ನಿಜದ ರಸ್ತೆ ಸಿಗದವನಿಗೆ ರಸ್ತೆಯ ಚಿತ್ರ ಒಂದು ಸಮಾಧಾನ, ಆಗಲಿ ಬಿಡಿ ಎನ್ನುತ್ತಾನೆ. ಹಾಗಾದರೆ ರಸ್ತೆ ಸಿಕ್ಕವರು ಯಾರೂ ಈ ಆಟ ಆಡಬಾರದಿತ್ತು. ಆಡುವವರಲ್ಲಿ ಎಷ್ಟೋ ಜನ ಮನೆ ಮುಂದೆ ಕಾರು ನಿಲ್ಲಿಸಿಕೊಂಡವರೇ. ಈ ಶಾಸ್ತ್ರಕಾರನಿಗೆ ಪೋಲಿಯೊದಿಂದ ಎರಡೂ ಕಾಲಿನ ಬಲ ಹೋಗಿದೆ ಹೊರತು ರಸ್ತೆಯ ಬಡತನವಿಲ್ಲ: ಹಿಂದೆ ಎರಡು ಗಾಲಿ ಹೆಚ್ಚಿಗೆ ಹಾಕಿಸಿದ ಸ್ಕೂಟರಿನಲ್ಲಿ ದಾವಣಗೆರೆಯ ಬಿಸಿಲು, ಧೂಳು, ಹಂಪುಗಳೆಲ್ಲ ದಿನವೂ ಸಿಗುತ್ತವೆ. ಸಂಜೆ ಮನೆಗೆ ಬಂದು ಕೂರುವುದು ಇನ್ನೊಂದು ಸಂತೋಷಕ್ಕೆ. ಅದರ ಲಕ್ಷಣ ಮುಂದೆ ಬರುತ್ತದೆ.

ಕರಣ ಪ್ರಕರಣ

ಸಾರಥಿಗಳು ಹಿಡಿಯುವ ಸಾಧನದಿಂದ ಮೂರು ಮುಖ್ಯ ಜಾತಿ ಏರ್ಪಡುತ್ತವೆ.

ಅಂಗೈವಾಸಿಗಳದು ದೊಡ್ಡ ಸಂಖ್ಯೆ. ಒಂದು ಮೊಬೈಲು ಸಾಕು. ಇವರ ಕುಲದೇವತೆ 2017ರಲ್ಲಿ ಬಂದ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ. ಜಾವಾದ ರಸ್ತೆಗಳಿಗೆಂದು ಮಾಡಿದ ಆ ಆಟದ ಬಸ್ಸಿಗೆ ನಮ್ಮ ಹುಡುಗರು ಕೆಎಸ್‌ಆರ್‌ಟಿಸಿಯ ಬಣ್ಣ ಬಳಿದು, ಬೋರ್ಡು ತಗುಲಿಸಿ, ತಮಗೆ ಬೇಕಾದ ಹಾರನ್ನು ಕೂರಿಸಿ, ಹಾಸಿಗೆಯಲ್ಲಿ ಮಲಗಿಕೊಂಡೇ ಓಡಿಸುತ್ತಾರೆ. ಬೆನ್ನುಹುರಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಮಲಗಿದವರಿಗೆ ಬೇರೆ ಯಾವ ಆರ್‌ಟಿಒ ಈ ಭಂಗಿಯಲ್ಲಿ ಹೆವಿ ಲೈಸೆನ್ಸ್ ಕೊಟ್ಟಾನು?

ಚಕ್ರವಾಸಿಗಳು ಸ್ವಲ್ಪ ಕಾಸಿದ್ದವರು. ಲಾಜಿಟೆಕ್ ಜಿ29ರಂಥ ಸ್ಟೇರಿಂಗ್ ಇವರ ಸೊತ್ತು. ಅದು 900 ಡಿಗ್ರಿ, ಅಂದರೆ ಈ ತುದಿಯಿಂದ ಆ ತುದಿಗೆ ಎರಡೂವರೆ ಸುತ್ತು ತಿರುಗುತ್ತದೆ. ಒಳಗಿನ ಮೋಟಾರು ರಸ್ತೆಯ ಉಬ್ಬುತಗ್ಗನ್ನೆಲ್ಲ ಕೈಗೆ ಮುಟ್ಟಿಸುತ್ತದೆ. ಮುಂಗೈ ಸೋತವರು ಆ ಬಲವನ್ನು ಸೆಟ್ಟಿಂಗ್ಸ್‌ನಲ್ಲಿ ತಗ್ಗಿಸಿಕೊಳ್ಳಬಹುದು. ನಿಜದ ಲಾರಿಯಲ್ಲಿ ಇಂಥ ಉಪಕಾರ ಅಪರೂಪ. ಡಬ್ಬಿಯೊಳಗೆ ಮೂರು ಪೆಡಲುಗಳೂ ಬರುತ್ತವೆ. ನಮ್ಮ ಮನೆಯಲ್ಲಿ ಆ ಮೂರೂ ಅಟ್ಟ ಸೇರಿವೆ.

ಪೆಡಲು ಅಟ್ಟ ಸೇರಿದರೆ ಬ್ರೇಕು ಎಲ್ಲಿ? ಇಲ್ಲಿಂದ ಮೂರನೆಯ ಜಾತಿ, ಜೋಡಣಾವಾಸಿಗಳು, ಆರಂಭ. ಮೈಕ್ರೋಸಾಫ್ಟ್ 2018ರಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಂದಿತು. ಎರಡು ದೊಡ್ಡ ಗುಂಡಿ, ಹಿಂದೆ ಸಾಲಾಗಿ 19 ತೂತು. ಇಯರ್‌ಫೋನ್ ಸಿಕ್ಕಿಸುವ ಅಳತೆಯವೇ. ಒಂದೊಂದು ತೂತಿಗೆ ಒಂದೊಂದು ಸ್ವಿಚ್ಚು ಸಿಕ್ಕಿಸಿ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು: ಗದ್ದದ ಕೆಳಗೆ, ಮೊಣಕೈ ಪಕ್ಕ, ಗಾಲಿಕುರ್ಚಿಯ ತಲೆಯೊರಗಿನಲ್ಲಿ. ಸೋನಿಯವರು ಇದೇ ದಾರಿಗೆ ಬರಲು 2023 ಆಯಿತು.

ಇವನ್ನೆಲ್ಲ ಕೊಳ್ಳಲಾಗದವರ ಉಪಜಾತಿಯೇ ನನಗೆ ಹೆಚ್ಚು ಪ್ರಿಯ. ಇವರ ತೀರ್ಥಕ್ಷೇತ್ರ ಬೆಂಗಳೂರಿನ ಎಸ್.ಪಿ. ರೋಡ್. ಅಲ್ಲಿ ಆರ್ಡುಯಿನೊ ಲಿಯೊನಾರ್ಡೊ ಎಂಬ ಅಂಗೈಗಿಂತ ಚಿಕ್ಕ ಬೋರ್ಡು ಸಿಗುತ್ತದೆ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ನಾಲ್ಕು ಸಾಲು ಬರೆದರೆ ತಾನೊಂದು ಜಾಯ್‌ಸ್ಟಿಕ್ ಎಂದು ನಂಬಿಸುತ್ತದೆ. ಅದಕ್ಕೊಂದು ವಾಲ್ಯೂಮ್ ತಿರುಗಿಸುವ ಪಾಟ್, ಪಾಟಿಗೊಂದು ಹಳೆಯ ಸ್ಕೂಟರಿನ ಬ್ರೇಕ್ ಲಿವರ್ ಕಟ್ಟಿದರೆ ಕೈಬ್ರೇಕು ಸಿದ್ಧ. ಎಷ್ಟು ಹಿಚುಕಿದರೆ ಅಷ್ಟು ಹಿಡಿಯುತ್ತದೆ. ಅಂಗಡಿಯವರು ಯಾವ ಪ್ರಾಜೆಕ್ಟು ಸಾರ್ ಎಂದು ಕೇಳುತ್ತಾರೆ. ಇಂಜಿನಿಯರಿಂಗ್ ಹುಡುಗರ ಫೈನಲ್ ಇಯರ್ ಗಲಾಟೆಯಲ್ಲಿ ನಲವತ್ತು ದಾಟಿದ ಮನುಷ್ಯನೊಬ್ಬ ಲಾರಿಗೆ ಬ್ರೇಕು ಬೇಕು ಎಂದರೆ ಅವರೂ ಒಂದು ಕ್ಷಣ ಬೋರ್ಡು ಕೆಳಗಿಡುತ್ತಾರೆ.

ಈ ಪ್ರಕರಣ ಮುಗಿಸುವ ಮೊದಲು ಡೆಡ್‌ಜೋನ್ ಎಂಬ ಸೆಟ್ಟಿಂಗನ್ನು ಸ್ತುತಿಸಬೇಕು. ಜಾಯ್‌ಸ್ಟಿಕ್ ಮಧ್ಯದಿಂದ ಇಷ್ಟು ಅಲುಗುವ ತನಕ ಅಲುಗಿಲ್ಲವೆಂದೇ ಭಾವಿಸು ಎಂದು ಆಟಕ್ಕೆ ಹೇಳಿಕೊಡುವ ಗೆರೆ ಅದು. ಕೈ ನಡುಗುವ ಸೆರೆಬ್ರಲ್ ಪಾಲ್ಸಿಯ ಹುಡುಗನೊಬ್ಬ ಆ ಗೆರೆಯನ್ನು ತನಗೆ ತಕ್ಕಷ್ಟು ಎಳೆದುಕೊಂಡು ನೇರ ರಸ್ತೆಯಲ್ಲಿ ನೂಲು ಹಿಡಿದ ಹಾಗೆ ಲಾರಿ ಬಿಡುತ್ತಾನೆ. ನಡುಕ ಹಾಗೇ ಇದೆ, ಲಾರಿಯವರೆಗೆ ಹೋಗುವುದಿಲ್ಲ ಅಷ್ಟೆ. ಅವನ ಶಾಲೆಯ ಮೇಷ್ಟರು ಅಕ್ಷರದ ಮೇಲೆ ಇಂಥ ಒಂದು ಗೆರೆ ಎಳೆದುಕೊಂಡಿದ್ದರೆ ಅವನ ಕಾಪಿ ಪುಸ್ತಕದಲ್ಲಿ ಇಷ್ಟು ಕೆಂಪು ಇರುತ್ತಿರಲಿಲ್ಲ.

ಆನಂದ ಪ್ರಕರಣ

ಆನಂದಕ್ಕೆ ಅಳತೆ ಹಾಕಿದವರಲ್ಲಿ ನಾವು ಮೊದಲಿಗರಲ್ಲ. ತೈತ್ತಿರೀಯೋಪನಿಷತ್ತಿನಲ್ಲಿ ಆನಂದದ ಮೀಮಾಂಸೆಯೇ ಇದೆ. ಅಲ್ಲಿನ ಮೂಲಮಾನ ಒಬ್ಬ ಯುವಕ: ಓದಿದವನು, ಚುರುಕಿನವನು, ಗಟ್ಟಿಮುಟ್ಟಾದವನು, ಬಲಶಾಲಿ, ಭೂಮಿಯ ಸಂಪತ್ತೆಲ್ಲ ಅವನದು. ಅವನಿಗಾಗುವುದು ಒಂದು ಮಾನುಷಾನಂದ. ಅದರ ನೂರರಷ್ಟು ಮನುಷ್ಯಗಂಧರ್ವರದು, ಅದರ ನೂರರಷ್ಟು ದೇವಗಂಧರ್ವರದು. ಹೀಗೆ ನೂರು ನೂರರಿಂದ ಗುಣಿಸುತ್ತ ಬ್ರಹ್ಮಾನಂದದವರೆಗೆ. ಗುಣಾಕಾರದಲ್ಲಿ ದೋಷವಿಲ್ಲ. ಮೂಲಮಾನದ ಬಗ್ಗೆ ಮಾತ್ರ ನಮ್ಮದೊಂದು ವಿನಯದ ತಕರಾರು: ಗಟ್ಟಿಮುಟ್ಟಾದ ಮೈಯನ್ನೇ ಅಳತೆಗೋಲು ಮಾಡಿದರೆ ನಮ್ಮಂಥವರ ಸಂತೋಷ ಯಾವಾಗಲೂ ಭಿನ್ನರಾಶಿಯಲ್ಲೇ ಬರುತ್ತದೆ. ಋಷಿ ಜಾಣ, ಎರಡನೆಯ ಮೆಟ್ಟಿಲಿನಿಂದ ಮುಂದೆ, ಆಸೆ ಗೆದ್ದ ಶ್ರೋತ್ರಿಯನಿಗೂ ಅಷ್ಟೇ ಆನಂದ ಎಂದು ಒಂದು ಪಕ್ಕದ ಬಾಗಿಲು ಇಟ್ಟಿದ್ದಾನೆ. ನಮಗೆ ಅದರಿಂದಲೂ ಪ್ರವೇಶವಿಲ್ಲ. ನಮಗೆ ಆಸೆಯಿದೆ. ಸ್ಕಾನಿಯಾ ಬೇಕು, ಅದು ಬಂದಮೇಲೆ ವೋಲ್ವೊ ಬೇಕು.

ಸೂತ್ರ: ಹೊರಿಸಿಕೊಳ್ಳುವವನು ಹೊರುವವನಾದರೆ ಹುಟ್ಟುವುದು ಭಾರಾನಂದ.

ವೃತ್ತಿ: ಕಾಲು ನಡೆಯದವನು ಲೋಕದ ಕಣ್ಣಿಗೆ ಸರಕು. ಚಿಕ್ಕಂದಿನಲ್ಲಿ ಅಪ್ಪನ ಬೆನ್ನು, ಶಾಲೆಗೆ ಅಣ್ಣನ ಸೈಕಲ್ಲಿನ ಕ್ಯಾರಿಯರು, ಆಮೇಲೆ ಬಸ್ಸಿನ ಮೆಟ್ಟಿಲ ಹತ್ತಿರ “ಯಾರಾದ್ರೂ ಒಂದು ಕೈ ಹಾಕ್ರಿ” ಎನ್ನುವ ಕಂಡಕ್ಟರು. ಎತ್ತುವವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ: “ಆ ಕಡೆ ಹಿಡಿ”, “ಸಾವಕಾಶ, ತಲೆ ಬಡೀತೈತಿ”. ಸರಕನ್ನು ಯಾರೂ ಏನೂ ಕೇಳುವುದಿಲ್ಲ. ಮದುವೆಮನೆಗೆ ಹೋದರೆ ಎಲ್ಲಿ ಇಳಿಸಿದರೋ ಅಲ್ಲೇ ಊಟ, ಎತ್ತುವವರು ಬರುವ ತನಕ ಅಲ್ಲೇ ತಾಂಬೂಲ.

ಈಗ ಯೂರೋ ಟ್ರಕ್ ಸಿಮ್ಯುಲೇಟರ್ 2 ತೆರೆಯಿರಿ. ಜೆಕ್ ದೇಶದ ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ 2012ರಲ್ಲಿ ಹೊರತಂದ ಆಟ. ಮೊದಲಿಗೆ ನಿಮಗೆ ಸ್ವಂತ ಲಾರಿ ಇರುವುದಿಲ್ಲ, ಯಾರದೋ ಕಂಪನಿಯ ಲಾರಿಗೆ ಡ್ರೈವರಾಗಬೇಕು. ದುಡ್ಡು ಕೂಡಿಟ್ಟು, ಬ್ಯಾಂಕಿನಲ್ಲಿ ಸಾಲ ಎತ್ತಿ, ಲಾರಿ ಕೊಂಡು, ಗ್ಯಾರೇಜು ದೊಡ್ಡದು ಮಾಡಿ, ಡ್ರೈವರುಗಳನ್ನು ಸಂಬಳಕ್ಕಿಡಬಹುದು. (ಆ ಬ್ಯಾಂಕಿನವರು ಜಾಮೀನುದಾರನನ್ನು ಕೇಳುವುದಿಲ್ಲ. “ಜೊತೆಗೆ ಯಾರೂ ಬಂದಿಲ್ವಾ?” ಎಂದು ನಮ್ಮ ತಲೆಯ ಮೇಲಿಂದ ಹಿಂದೆ ನೋಡುವುದೂ ಇಲ್ಲ.) ಇಪ್ಪತ್ತು ಟನ್ ಯಂತ್ರ ಭಾಗವೋ ಔಷಧಿಯೋ ಹಿಂದೆ ಕೊಂಡಿ ಹಾಕಿಕೊಳ್ಳುತ್ತದೆ. ಇಷ್ಟು ಹೊತ್ತಿಗೆ ಇಂಥ ಊರು ಮುಟ್ಟಿಸಬೇಕು. ತಡವಾದರೆ ಹಣ ಕಡಿತ, ತಾಗಿಸಿದರೆ ಸರಕಿನ ಹಾನಿ ಶೇಕಡಾ ಲೆಕ್ಕದಲ್ಲಿ ಏರುತ್ತ ಹೋಗುತ್ತದೆ. ಜೀವನದಲ್ಲಿ ಮೊದಲ ಸಲ ಆ ಶೇಕಡಾ ನನ್ನದಲ್ಲ, ಲೋಡಿನದು. ಇಪ್ಪತ್ತು ಟನ್ನನ್ನು ನನ್ನ ಕೈಗೆ ಕೊಟ್ಟು, ನಾನು ಹೇಗೆ ತಂದೆ ಎಂದು ಕೇಳದೆ, ತಂದೆನೋ ಇಲ್ಲವೋ ಎಂದಷ್ಟೇ ಕೇಳುವವರು ಗೋದಾಮಿನಲ್ಲಿ ಕಾಯುತ್ತಿದ್ದಾರೆ. ಈ ಶಾಸ್ತ್ರದ ಸಾರ ಬೇಕಾದವರು ಇಷ್ಟೇ ಓದಿ ನಿಲ್ಲಿಸಬಹುದು.

ನಿಲ್ಲಿಸದವರಿಗೆ ಇನ್ನೊಂದು ರಹಸ್ಯ. ಆ ಆಟದಲ್ಲಿ ಲೋಡು ಮುಟ್ಟಿಸಿದಮೇಲೆ ಕೆಳಗಿಳಿದು, ಮೆಟ್ಟಿಲು ಹತ್ತಿ, ಆಫೀಸಿನಲ್ಲಿ ಸಹಿ ಹಾಕಿಸುವ ಪ್ರಸಂಗವಿಲ್ಲ. ಎಲ್ಲ ಕೂತಲ್ಲೇ ಆಗುತ್ತದೆ. ಕ್ಯಾಬಿನಿನೊಳಗೆ ಕಣ್ಣು ಕೆಳಗೆ ಹಾಯಿಸಿದರೆ ಸೀಟಿದೆ, ಪೆಡಲಿದೆ, ಚಾಲಕನ ಕಾಲಿಲ್ಲ. ಚಿತ್ರ ಬರೆಯುವವರು ಖರ್ಚು ಉಳಿಸಿದ್ದೆಂದು ಕೆಲವರು ಹೇಳುತ್ತಾರೆ. ನಾವು ಅದನ್ನು ಅರುಣನ ವಂಶವೆಂದು ನಿರ್ಣಯಿಸಿದ್ದೇವೆ. ಯುರೋಪನ್ನು ಹೆಚ್ಚುಕಡಿಮೆ 1:19ಕ್ಕೆ ಕುಗ್ಗಿಸಿದ ಆ ಭೂಪಟದಲ್ಲಿ ಸೀಟಿನಿಂದ ಏಳದವನೇ ಪೂರ್ಣ ನಾಗರಿಕ.

ಸೂತ್ರ: ತಪ್ಪಿಗೆ ತಕ್ಕ ದಂಡ ಬಿದ್ದಾಗ ಹುಟ್ಟುವುದು ದಂಡಾನಂದ.

ವೃತ್ತಿ: ಇದು ಅಂಗಾಂಗ ಸರಿಯಿರುವವರಿಗೆ ಅರ್ಥವಾಗುವುದು ಕಷ್ಟ. ನಮ್ಮೂರ ಸರ್ಕಲ್ಲಿನಲ್ಲಿ ಹೆಲ್ಮೆಟ್ ಇಲ್ಲದವರನ್ನೆಲ್ಲ ಅಡ್ಡಗಟ್ಟಿ ನಿಲ್ಲಿಸುವ ಪೊಲೀಸರು ನನ್ನ ಸ್ಕೂಟರಿನ ಹೆಚ್ಚುವರಿ ಗಾಲಿಗಳನ್ನು ಕಂಡದ್ದೇ, ಹೋಗಲಿ ಹೋಗಲಿ ಎಂದು ಕೈ ಬೀಸುತ್ತಾರೆ. ಕಾನೂನಿಗೂ ನಾನು ಲೆಕ್ಕಕ್ಕಿಲ್ಲ. ಆಟದಲ್ಲಿ ಹಾಗಲ್ಲ. ಕೆಂಪು ದೀಪ ಹಾರಿಸಿದರೆ ದಂಡ, ವೇಗ ಮೀರಿದರೆ ದಂಡ, ಕತ್ತಲಲ್ಲಿ ದೀಪ ಹಾಕದಿದ್ದರೆ ದಂಡ. ಕ್ಯಾಮೆರಾ ಪಕ್ಕನೆ ಮಿಂಚುತ್ತದೆ, ಖಾತೆಯಿಂದ ಯೂರೋ ಕಳಚುತ್ತದೆ. ಈ ದಂಡವನ್ನು ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡುವ ಸೌಲಭ್ಯವೂ ಇದೆ. ಬಂದ್ ಮಾಡಿಕೊಂಡವರನ್ನು ಈ ಶಾಸ್ತ್ರದಲ್ಲಿ ಪಂಕ್ತಿಬಾಹಿರರೆಂದು ಸಾರಲಾಗಿದೆ.

ಸೂತ್ರ: ನೆರವಿಲ್ಲದೆ ಕೆಡಿಸುವ ಅವಕಾಶವೇ ಹಿಮ್ಮುಖಾನಂದದ ಬೀಜ.

ವೃತ್ತಿ: ಟ್ರೈಲರ್ ರಿವರ್ಸ್ ತೆಗೆಯುವುದು ಲಾರಿವಿದ್ಯೆಯ ಕೊನೆಯ ಮೆಟ್ಟಿಲು. ಸ್ಟೇರಿಂಗು ಎಡಕ್ಕೆ ತಿರುಗಿಸಿದರೆ ಟ್ರೈಲರಿನ ಬಾಲ ಬಲಕ್ಕೆ ಹೋಗುತ್ತದೆ. ಸರಿಪಡಿಸಲು ಹೋದರೆ ಲಾರಿಯೂ ಟ್ರೈಲರೂ ಮಡಚಿಕೊಂಡು ಮುಖಕ್ಕೆ ಮುಖ ಕೊಡುತ್ತವೆ. ಮತ್ತೆ ಮುಂದೆ, ಮತ್ತೆ ಹಿಂದೆ. ನಿಜದ ಲಾರಿಗೆ ಹಿಂದೆ ಬಾಡಿ ತಟ್ಟುತ್ತ “ಬರ್ಲಿ, ಬರ್ಲಿ, ಹೋಲ್ಡಾನ್” ಎನ್ನುವ ಕ್ಲೀನರ್ ಇರುತ್ತಾನೆ. ಇಲ್ಲಿ ಅವನಿಲ್ಲ, ಇದೇ ಪರಮಸುಖ.

ಗಾಲಿಕುರ್ಚಿಯಲ್ಲಿ ಕೂತವನು ಬಾಗಿಲಿನ ಹೊಸ್ತಿಲ ಮುಂದೆ ಎರಡು ಸೆಕೆಂಡು ನಿಂತು ಯೋಚಿಸಿದರೆ ಸಾಕು, ಹಿಂದಿನಿಂದ ಯಾರೋ ಹಿಡಿಕೆ ಹಿಡಿದು ನೂಕಿಬಿಡುತ್ತಾರೆ. ಒಳ್ಳೆಯ ಮನಸ್ಸಿನವರೇ. ಹೀಗಾಗಿ ಒಂದು ಕೆಲಸವನ್ನು ಕೆಡಿಸಿ, ಮತ್ತೆ ಕೆಡಿಸಿ, ಬೆವರಿ, ಬೈದುಕೊಂಡು, ಕಡೆಗೊಮ್ಮೆ ಸರಿಮಾಡುವ ಅವಕಾಶ ನಮಗೆ ಬಾಲ್ಯದಿಂದಲೂ ಕಡಿಮೆ. ಕೆಡಿಸುವ ಮೊದಲೇ ಯಾರೋ ಮಾಡಿ ಮುಗಿಸಿರುತ್ತಾರೆ. ಆಟದ ಗೋದಾಮಿನ ಅಂಗಳದಲ್ಲಿ ಅರ್ಧ ಗಂಟೆ ಟ್ರೈಲರನ್ನು ಹಾವಾಡಿಸಿದರೂ ಯಾರೂ ಓಡಿಬರುವುದಿಲ್ಲ. ಕಷ್ಟದ ಜಾಗವೋ, ಸುಲಭದ ಜಾಗವೋ, ಪಾರ್ಕಿಂಗೇ ಬೇಡವೋ ಎಂದು ಮೊದಲೇ ಒಂದು ಪ್ರಶ್ನೆ ಬರುತ್ತದೆ. ಕಷ್ಟದ್ದಕ್ಕೆ ಹೆಚ್ಚು ಅಂಕ. ಅಂಗವಿಕಲನನ್ನು ಕಷ್ಟ ಬೇಕೇ ಎಂದು ಕೇಳುವ ಸೌಜನ್ಯ ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಪರಿಚಯದ ಒಬ್ಬ ಮೇಡಂ ಬ್ಯಾಂಕಿನಲ್ಲಿದ್ದಾರೆ. ಸ್ನಾಯುಕ್ಷಯದಿಂದ ಅವರ ಬಲಗೈಯ ಬೆರಳುಗಳಷ್ಟೇ ಆಡುತ್ತವೆ. ಮೌಸನ್ನು ಬೆರಳಿನಷ್ಟು ಸರಿಸಿ ಸ್ಟೇರಿಂಗ್ ತಿರುಗಿಸುತ್ತಾರೆ. ಯಾವಾಗಲೂ ಕಷ್ಟದ ಜಾಗವನ್ನೇ ಆರಿಸುತ್ತಾರೆ. ಗಂಡ ಹಿಂದೆ ನಿಂತು “ಸ್ವಲ್ಪ ಲೆಫ್ಟು” ಎಂದರೆ ರೂಮಿನಿಂದ ಹೊರಗೆ.

ದಣಿವಿಗೂ ಒಂದು ಆನಂದವಿದೆ, ಒಂದು ಅಪಾಯವೂ ಇದೆ. ಯುರೋಪಿನ ಕಾನೂನಿನಂತೆ ಲಾರಿ ಡ್ರೈವರು ನಾಲ್ಕೂವರೆ ಗಂಟೆ ಓಡಿಸಿದಮೇಲೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು. ಆಟದ ಡ್ರೈವರಿಗೂ ದಣಿವಿನ ಗೆರೆ ತುಂಬುತ್ತ ಬರುತ್ತದೆ, ಆಕಳಿಕೆ ಕೇಳುತ್ತದೆ, ಕಣ್ಣು ಮುಚ್ಚಿ ತೆರೆ ಕಪ್ಪಾಗುತ್ತದೆ. ಬೆನ್ನುಹುರಿ ಪೆಟ್ಟಾದವರು ಇದನ್ನು ಹಾಸ್ಯವೆಂದು ತಿಳಿಯಬಾರದು. ಸ್ಪರ್ಶಜ್ಞಾನವಿಲ್ಲದ ಭಾಗದ ಮೇಲೆ ಅಲುಗದೆ ಕೂತರೆ ಚರ್ಮ ಸದ್ದಿಲ್ಲದೆ ಸಾಯುತ್ತದೆ. ಒತ್ತಡದ ಹುಣ್ಣು ವಾಸಿಯಾಗಲು ತಿಂಗಳುಗಳು ಬೇಕು. ಆದ್ದರಿಂದ ಕೈಯೂರಿ ಮೈಯೆತ್ತುವುದು, ಪಕ್ಕಕ್ಕೆ ವಾಲುವುದು ಇವನ್ನು ಅರ್ಧ ಗಂಟೆಯೂ ದಾಟದಂತೆ ಮಾಡುತ್ತಲೇ ಇರಬೇಕು. ಪೋಲಿಯೊದವರಿಗೆ ವಯಸ್ಸಾದಂತೆ ದುಡಿದ ಭುಜವೇ ತಿರುಗಿ ಬೀಳುತ್ತದೆ. ಟೋಲ್‌ಗೇಟು ಬಂದಾಗಲೆಲ್ಲ ಒಮ್ಮೆ ಮೈಯೆತ್ತುವುದು ನಮ್ಮ ಸಂಪ್ರದಾಯ; ಫ್ರಾನ್ಸಿನಲ್ಲಿ ಟೋಲು ಹೆಚ್ಚಾದ್ದರಿಂದ ಆ ದೇಶ ಆರೋಗ್ಯಕ್ಕೆ ಒಳ್ಳೆಯದು. ಇಷ್ಟು ಎಚ್ಚರದ ಮೇಲೆ ಆನಂದದ ಮಾತು: ರಾತ್ರಿ ಕಂಪ್ಯೂಟರ್ ಆರಿಸಿ ಊಟಕ್ಕೆ ಬಂದಾಗ ಮೈ ನೋಯುತ್ತಿರುತ್ತದೆ, ಆದರೆ ಆ ನೋವಿಗೆ ಕಾರಣ ಕಾಯಿಲೆಯಲ್ಲ, ಡ್ಯೂಟಿ.

ವೇಗಾನಂದವನ್ನು ಎಲ್ಲರೂ ಮುಖ್ಯವೆಂದುಕೊಳ್ಳುವುದರಿಂದ ಇಲ್ಲಿ ಚುಟುಕಾಗಿ ಮುಗಿಸಲಾಗಿದೆ. ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ 20.8 ಕಿಲೋಮೀಟರ್ ಸುತ್ತನ್ನು ಹೊಡೆದು ಬೀಗುವವರು ಬೀಗಲಿ. ಇದರ ಒಂದು ಉಪಜಾತಿಯನ್ನು ಮಾತ್ರ ಎದ್ದು ನಿಂತು ಗೌರವಿಸಬೇಕು. ನಿಲ್ಲಲಾಗದವರು ಕೂತೇ ಗೌರವಿಸಿದರೂ ನಡೆಯುತ್ತದೆ. 2023ರ ಫೋರ್ಜಾ ಮೋಟಾರ್‌ಸ್ಪೋರ್ಟ್‌ನಲ್ಲಿ ಕಣ್ಣು ಕಾಣದವರು ಶಬ್ದದ ಸುಳಿವಿನಿಂದಲೇ ತಿರುವು ಅರಿತು ರೇಸು ಓಡಿಸಬಹುದು. ಬ್ರ್ಯಾಂಡನ್ ಕೋಲ್ ಎಂಬ ಅಂಧ ಆಟಗಾರ ಅದನ್ನು ರೂಪಿಸುವುದರಲ್ಲಿ ಜೊತೆಗೂಡಿದ್ದ. ಒಂದೇ ಗುಂಡಿಯಿಂದ ಆಡುವ ವ್ಯವಸ್ಥೆಯೂ ಅದರಲ್ಲಿದೆ.

ತಪಾನಂದಕ್ಕೆ ಉದಾಹರಣೆ ‘ಡೆಸರ್ಟ್ ಬಸ್’. 1990ರ ದಶಕದಲ್ಲಿ ತಮಾಷೆಗೆಂದು ಮಾಡಿದ ವಿಡಿಯೊ ಆಟ. ಟ್ಯೂಸನ್ನಿನಿಂದ ಲಾಸ್ ವೇಗಸ್‌ಗೆ ಮರಳುಗಾಡಿನಲ್ಲಿ ಖಾಲಿ ಬಸ್ಸು, ಎಂಟು ಗಂಟೆ, ನಿಜದ ಗಡಿಯಾರದ ಎಂಟು ಗಂಟೆ. ಗಂಟೆಗೆ 45 ಮೈಲಿಗಿಂತ ಓಡುವುದಿಲ್ಲ, ಬಸ್ಸು ಬಲಕ್ಕೆ ಎಳೆಯುತ್ತಲೇ ಇರುವುದರಿಂದ ಸ್ಟೇರಿಂಗು ಕಟ್ಟಿಹಾಕಿ ಏಳುವಂತಿಲ್ಲ. ಮುಟ್ಟಿದರೆ ಒಂದು ಅಂಕ. ಇದನ್ನು ಶಿಕ್ಷೆಯೆಂದು ಕರೆಯುವವರು ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಟಿಫಿಕೇಟಿಗಾಗಿ ಕೂತವರಲ್ಲ. ಅಲ್ಲಿ ಎಂಟು ಗಂಟೆ ಕೂತರೂ ಆ ಒಂದು ಅಂಕ ಖಾತ್ರಿಯಿಲ್ಲ.

ಪ್ರೇಕ್ಷಕ ಪ್ರಕರಣ

ಆನಂದಕ್ಕೆ ವಿಘ್ನಗಳು ಬಹುಪಾಲು ಬಾಗಿಲಿನಿಂದ ಬರುತ್ತವೆ. ಮರುಗುವವರು ಮೊದಲು: “ಪಾಪ, ಹೊತ್ತು ಹೋಗ್ಬೇಕಲ್ಲ” ಎಂದು ದೊಡ್ಡಮ್ಮ ಪಕ್ಕದ ಕೋಣೆಯಲ್ಲಿ ಹೇಳುವುದು ಪೋಲೆಂಡಿನ ಹೆದ್ದಾರಿಯವರೆಗೆ ಕೇಳಿಸುತ್ತದೆ. ಇವರು ನಿರಪಾಯಿಗಳು, ಹೋಗುವಾಗ ಚಕ್ಕುಲಿ ಕೊಟ್ಟು ಹೋಗುತ್ತಾರೆ. ಕೊಂಡಾಡುವವರು ಮಹಾ ಅಪಾಯ. ಮೊಬೈಲು ತೆಗೆದು ವಿಡಿಯೊ ಮಾಡಿ, ಕೆಳಗೆ ಕೊಳಲಿನ ಸಂಗೀತ ಸೇರಿಸಿ, ಇವರೇ ಹೀಗಿದ್ದರೆ ನಾವೆಷ್ಟು ಅದೃಷ್ಟವಂತರು ಎಂಬರ್ಥದ ಸಾಲು ಬರೆದು ಹಂಚುತ್ತಾರೆ. ಆ ವಿಡಿಯೊದಲ್ಲಿ ನಾನು ಡಿವೈಡರಿಗೆ ಗುದ್ದಿದ್ದೂ ಸ್ಫೂರ್ತಿಯಾಗಿಯೇ ಕಾಣಿಸುತ್ತದೆ. ನನಗೆ ಇಷ್ಟವಾದವರು ತಿದ್ದುವವರು. ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರೊಬ್ಬರು ಬಂದು, ನನ್ನ ಕಾಲನ್ನಾಗಲಿ ಕುರ್ಚಿಯನ್ನಾಗಲಿ ನೋಡದೆ, ತೆರೆಯನ್ನೇ ನೋಡಿ, “ಇಳಿಜಾರಲ್ಲಿ ಗೇರು ಬಿಡ್ತಾರೇನ್ರೀ? ಬ್ರೇಕು ಸುಡಲ್ವಾ?” ಎಂದು ಗದರಿಸಿ ಹೋದರು. ಅವರಿಗೆ ನನ್ನ ಕಡೆಯಿಂದ ಒಂದು ಶಾಲು ಬಾಕಿಯಿದೆ.

ಶೇಷ

ಯಾವ ವರ್ಗೀಕರಣಕ್ಕೂ ಹೊಂದದ ಪ್ರಾಣಿಯೊಂದು ಪ್ರತಿ ಶಾಸ್ತ್ರದಲ್ಲೂ ಉಳಿಯುತ್ತದೆ. ನಮ್ಮದರಲ್ಲಿ ಅದು ಚಿಕ್ಕಪ್ಪನ ಮಗ. ಹುಬ್ಬಳ್ಳಿ–ಚೆನ್ನೈ ಲೈನಿನಲ್ಲಿ ಹದಿನಾರು ಚಕ್ರದ ಲಾರಿ ಓಡಿಸುತ್ತಾನೆ. ಕಣ್ಣು, ಕೈ, ಕಾಲು ಎಲ್ಲ ಗಟ್ಟಿ, ಉಪನಿಷತ್ತಿನ ಮೂಲಮಾನಕ್ಕೆ ಸಂಪತ್ತೊಂದು ಬಿಟ್ಟರೆ ಉಳಿದದ್ದೆಲ್ಲ ಸರಿ. ಲೋಡು ಇಳಿಸಿ ಬಂದ ಒಂದು ಭಾನುವಾರ ನನ್ನ ಮೇಜಿನ ಮುಂದೆ ಕೂತ. ದಿನವಿಡೀ ಲಾರಿ ಓಡಿಸಿದವನಿಗೆ ಮತ್ತೆ ಲಾರಿಯೇ ಬೇಕೇನೋ ಎಂದರೆ, “ಇದ್ರಾಗ ಆರ್‌ಟಿಒ ಚೆಕ್‌ಪೋಸ್ಟ್ ಇಲ್ಲಲ್ಲಣ್ಣ” ಎಂದ. ಲಾರಿ ಸ್ಟಾರ್ಟ್ ಆಯಿತು. ಅವನ ಎಡಗಾಲು ಮೇಜಿನ ಕೆಳಗೆ ತಡಕಾಡಿತು, ಬಲಗಾಲು ನೆಲ ಒತ್ತಿತು.

“ಅಣ್ಣಾ, ಕ್ಲಚ್ ಎಲ್ಲೈತಿ?”

“ಸ್ಟೇರಿಂಗಿನ ಹಿಂದೆ, ಎಡಗೈ ಬೆರಳಿಗೆ.”

“ಬ್ರೇಕು?”

“ಬಲಗೈ ಪಕ್ಕ ಸ್ಕೂಟರ್ ಲಿವರ್ ಐತಲ್ಲ, ಅದು.”

ಕಾಲು ಕೇಳಲಿಲ್ಲ. ಸಿಗ್ನಲ್ ಹತ್ತಿರ ಬಂದಾಗಲೆಲ್ಲ ಬಲಗಾಲು ನೆಲವನ್ನು ಒತ್ತಿತು, ಲಾರಿ ನಿಲ್ಲಲಿಲ್ಲ. ಒಂದು ಕಾರಿಗೆ ತಾಗಿಸಿ, ಎರಡು ಕೆಂಪು ದೀಪ ಹಾರಿಸಿ, ಟ್ರೈಲರನ್ನು ಪೆಟ್ರೋಲ್ ಬಂಕಿನ ಕಂಬಕ್ಕೆ ಸಿಕ್ಕಿಸಿ ಕೂತ. ನಾನು ಗಾಲಿಕುರ್ಚಿ ಸರಿಸಿಕೊಂಡು ಹತ್ತಿರ ಹೋಗಿ, ಅವನ ಕೈ ಹಿಡಿದು, ಲಿವರಿನ ಮೇಲೆ ಇಟ್ಟು, ಎಷ್ಟು ಹಿಚುಕಬೇಕೆಂದು ತೋರಿಸಿಕೊಟ್ಟೆ. ಅವನು ಕೈ ಕೊಡವಿಕೊಂಡು, “ಬಿಡಣ್ಣ, ನಾನೇ ಮಾಡ್ತೀನಿ” ಎಂದ. ಮುಂದಿನ ಭಾನುವಾರ ಮತ್ತೆ ಬರುತ್ತಾನಂತೆ; ಅಷ್ಟರೊಳಗೆ ಅವನಿಗೊಂದು ವರ್ಗ ಹುಡುಕಿಡಬೇಕು.